ದಾನೇಶ್ವರಿ ತಟ್ಟಿದ ಚಪ್ಪಾಳೆ

"ಮಷೀನ್ ಬಂದ್ ಮಾಡ್ರಿ!"

ಯಾರಿಗೂ ಕೇಳಿಸಲಿಲ್ಲ. ಶಹಾಬಾದಿನ ಕಲ್ಲಿನ ಯಾರ್ಡಿನಲ್ಲಿ ಪಾಲಿಶ್ ಮಷೀನು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವನೂ ಕಿವಿಗೆ ಬಾಯಿಟ್ಟು ಕೂಗಬೇಕು. ಗೇಟಿನ ಹತ್ತಿರ ನಿಂತ ಹುಡುಗಿಯ ಮಾತು ಯಾರ ಕಿವಿಗೆ ಬೀಳಬೇಕು?

ದಾನೇಶ್ವರಿ ಮತ್ತೆ ಕೂಗಿದಳು. ಪ್ರಯೋಜನವಾಗಲಿಲ್ಲ. ಸುಮ್ಮನೆ ವಾಪಸ್ ಹೋಗುವ ಜಾತಿಯ ಹುಡುಗಿ ಅವಳಲ್ಲ... ವೇಲನ್ನು ಸೊಂಟಕ್ಕೆ ಬಿಗಿದು, ಬಿಳಿ ಕೆಸರಿನಲ್ಲಿ ಚಪ್ಪಲಿ ಜಾರಿದರೂ ಲೆಕ್ಕಿಸದೆ ಸೀದಾ ಹೋಗಿ, ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೇಬಿಟ್ಟಳು!

ಯಾರ್ಡು ಗಪ್ಪಂತ ನಿಂತಿತು.

"ಯಾರ್ರೀ ಅದು? ಯಾರು ಬಂದ್ ಮಾಡಿದ್ದು?"

ಮಷೀನಿನ ಹಿಂದಿನಿಂದ ಒಬ್ಬ ಎದ್ದು ಬಂದ. ತಲೆ, ಹುಬ್ಬು, ಮೀಸೆ ಎಲ್ಲಾ ಕಲ್ಲಿನ ಹಿಟ್ಟು. ಕಣ್ಣೆರಡು ಮಾತ್ರ ಮನುಷ್ಯನವು, ಅವುಗಳ ತುಂಬ ಸಿಟ್ಟು. ಇವನೇ ಶರಣಕುಮಾರ. ತಂದೆ ತೀರಿಕೊಂಡ ಮೇಲೆ ಈ ಸಣ್ಣ ಯಾರ್ಡನ್ನು ತಾಯಿಯ ಜೊತೆ ಸೇರಿ ನಡೆಸುತ್ತಿದ್ದವನು.

"ನಾನೇ ಮಾಡೀನ್ರಿ," ಅಂದಳು ದಾನೇಶ್ವರಿ.

"ಅರ್ಧಾ ಪಾಲಿಶ್ ಆದಾಗ ಮಷೀನ್ ನಿಂತ್ರ ಫರಸಿ ಕಲ್ಲಿನ ಮ್ಯಾಲೆ ಗುಂಡಗ ಕಲೆ ಬೀಳ್ತದ, ಗೊತ್ತದೇನು? ಇನ್ನ ಈ ಕಲ್ಲು ಯಾರು ತಗೋತಾರ?"

"ನಾನೇ ತಗೋತೀನಿ ಬಿಡ್ರಿ. ಭಾಷಣ ಮಾಡಿ ಕಾಲು ನೋಯ್ತಾವ, ಕುಂದ್ರಾಕ ಒಂದು ಕಲ್ಲು ಬೇಕೇ ಆಗಿತ್ತು!"

ಕೆಲಸಗಾರರು ಕಿಸಕ್ಕನೆ ನಕ್ಕರು. ಶರಣಕುಮಾರನಿಗೆ ನಗು ಬಂದರೂ ತೋರಿಸಲಿಲ್ಲ.

ದಾನೇಶ್ವರಿ ಎಲ್ಲರ ಕಡೆ ತಿರುಗಿದಳು. ಅವಳ ಬೆನ್ನ ಹಿಂದೆ ಕಮರುನ್ನೀಸಾ ನಿಂತಿದ್ದಳು. ಎಚ್‌ಐವಿ ಇದ್ದವರು ಸೇರಿ ಕಟ್ಟಿಕೊಂಡ, ಊರೂರಿಗೆ ಹೋಗಿ ತಿಳಿವಳಿಕೆ ಹೇಳುವ ಸಂಘದ ಹಿರಿಯಳು ಅವಳು. ಮುಂದೆ ಏನಾಗುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ.

"ನನ್ನ ಹೆಸರು ದಾನೇಶ್ವರಿ. ತೆಂಗಳಿಯಾಕಿ. ಹುಟ್ಟಿದಾಗಿಂದ ನನಗ ಎಚ್‌ಐವಿ ಅದ."

ಮುಂದಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲ ಊರಿನಲ್ಲೂ ಹೀಗೇ ಸರಿಯುತ್ತಿದ್ದರು. ಅವಳಿಗೆ ರೂಢಿಯಾಗಿತ್ತು ಅಂತ ಹೇಳಿಕೊಳ್ಳುತ್ತಿದ್ದಳು, ಆದರೆ ರೂಢಿಯೇನೂ ಆಗಿರಲಿಲ್ಲ.

ಸರಿಯದೆ ನಿಂತವನು ಒಬ್ಬನೇ.

"ಹುಟ್ಟಿದಾಗಿಂದ ಅದ ಅಂತೀರಿ... ಮತ್ತ ಇಷ್ಟು ಜೋರ ಒದರಾಕ ದಮ್ ಎಲ್ಲಿಂದ ಬರ್ತದ್ರಿ ಮೇಡಂ?"

"ದಿನಾ ತಪ್ಪದಂಗ ಗುಳಿಗಿ ನುಂಗ್ತೀನಿ. ಅದರ ದಮ್!"

ಈ ಸಲ ಶರಣಕುಮಾರ ನಕ್ಕೇಬಿಟ್ಟ. ಬಿಳಿ ಧೂಳಿನ ನಡುವೆ ಆ ನಗು ಎಷ್ಟು ಚೆಂದ ಕಂಡಿತೆಂದರೆ, ದಾನೇಶ್ವರಿಗೆ ಮುಂದಿನ ಮಾತೇ ಮರೆತುಹೋಯಿತು. ಹಿಂದಿನಿಂದ ಕಮರುನ್ನೀಸಾ ಮೆಲ್ಲಗೆ ಚಿವುಟಬೇಕಾಯಿತು.

ಆ ದಿನ ಚಹಾ ಬಂದಾಗ ಎಲ್ಲರೂ ಅವಳು ಯಾವ ಗ್ಲಾಸು ಎತ್ತಿಕೊಳ್ಳುತ್ತಾಳೆ ಅಂತ ನೋಡುತ್ತಿದ್ದರು. ಅವಳು ಅರ್ಧ ಕುಡಿದು ಇಟ್ಟ ಗ್ಲಾಸನ್ನು ಶರಣಕುಮಾರ ಎತ್ತಿಕೊಂಡ, ಉಳಿದರ್ಧ ತಾನು ಕುಡಿದ.

"ಹಿಂಗ ಮಾಡಿದ್ರ ರೋಗ ಹತ್ತಂಗಿಲ್ಲ ಅಂತ ಈಗ ನೀವೇ ಹೇಳಿದ್ರಲ್ಲ? ನಾನು ಕೇಳ್ಕೊಂಡೀನಿ ನೋಡ್ರಿ."

ಯಾರಾದರೂ ಪ್ರೀತಿ ಯಾವಾಗ ಶುರುವಾಯಿತು ಅಂತ ದಾನೇಶ್ವರಿಯನ್ನು ಕೇಳಿದ್ದರೆ, ಅವಳು ಆ ಅರ್ಧ ಗ್ಲಾಸು ಚಹಾದ ಹೆಸರು ಹೇಳುತ್ತಿದ್ದಳು. ಆದರೆ ಅವಳು ಯಾರಿಗೂ ಹೇಳುವ ಪೈಕಿ ಅಲ್ಲ. ತನ್ನ ರೋಗವನ್ನು ಊರೂರಿಗೆ ಸಾರುವ ಹುಡುಗಿ, ಮನಸ್ಸಿನ ಮಾತು ಬಂದರೆ ಬಾಯಿಗೆ ಬೀಗ!

ಸಂಘದವರು ಒಂದು ಬೀದಿ ನಾಟಕ ಆಡುತ್ತಿದ್ದರು. ಎಚ್‌ಐವಿ ಇರುವ ಸೊಸೆ, ಅವಳನ್ನು ಗೋಳು ಹೊಯ್ದುಕೊಳ್ಳುವ ಅತ್ತೆ. ಸೊಸೆಗೆ ಬೇರೆ ಗ್ಲಾಸು ಕೊಡುವುದು, ದೂರ ಕೂರುವುದು, ಮೂಗಿಗೆ ಬಟ್ಟೆ ಹಿಡಿಯುವುದು. ಇವುಗಳಲ್ಲಿ ಯಾವುದನ್ನು ಕಂಡರೂ ನೋಡುವ ಮಂದಿ ಚಪ್ಪಾಳೆ ತಟ್ಟಿ "ಸಿಕ್ಕಿಬಿದ್ದೆ!" ಅಂತ ಕೂಗಬೇಕು. ಅದೇ ನಾಟಕದ ಮಜಾ. ಒಮ್ಮೆ ಚಪ್ಪಾಳೆ ತಟ್ಟಿದವರು ಮನೆಗೆ ಹೋಗಿ ತಾವೇ ಹಾಗೆ ಮಾಡಲು ನಾಚುತ್ತಾರೆ ಅಂತ ಕಮರುನ್ನೀಸಾಳ ಲೆಕ್ಕಾಚಾರ.

ಅತ್ತೆಯ ಪಾತ್ರ ಮಾಡಲು ಯಾರೂ ಒಪ್ಪುತ್ತಿರಲಿಲ್ಲ.

"ನಾನು ಮಾಡ್ತೀನಿ," ಅಂತ ಬಂದ ಶರಣಕುಮಾರ. "ನಮ್ಮವ್ವನ ಹಳೀ ಸೀರಿ ಅದ."

ಮೀಸೆಯ ಅತ್ತೆ! ವಾಡಿ ಸ್ಟೇಷನ್ನಿನ ಮುಂದೆ ಅವನು ಸೆರಗು ಹೊದ್ದು, ಸೊಸೆಯ ಗ್ಲಾಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಾಗ ಹಮಾಲರು ನಕ್ಕು ನಕ್ಕು ಮೂಟೆ ಇಳಿಸಿ ಚಪ್ಪಾಳೆ ತಟ್ಟಿದರು. ಚಿತ್ತಾಪುರದ ಸಂತೆಯಲ್ಲಿ ಒಬ್ಬ ಮುದುಕಿ ನಾಟಕ ಅನ್ನುವುದನ್ನೇ ಮರೆತು ಅವನ ಮೇಲೆ ಕೋಲೆತ್ತಿ ಬಂದಳು. ಸೇಡಂನಲ್ಲಿ ಎಚ್‌ಐವಿ ಇದೆ ಎಂದು ಅಡುಗೆಯವಳನ್ನು ಕೆಲಸದಿಂದ ಬಿಡಿಸಿದ್ದ ಖಾನಾವಳಿಯ ಮಾಲೀಕ, ಆಟ ಮುಗಿದ ಮೇಲೆ ತಲೆ ತಗ್ಗಿಸಿ ನಿಂತ. ದಾನೇಶ್ವರಿ ಅವನಿಗೆ ಕಾಯ್ದೆ ತಿಳಿಸಿ ಹೇಳಿದಳು. ಹೀಗೆ ಕೆಲಸದಿಂದ ತೆಗೆಯುವುದು ಅಪರಾಧ, ಒಬ್ಬರ ರೋಗವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದೂ ತಪ್ಪು. ಮರುವಾರ ಆ ಹೆಣ್ಣುಮಗಳು ಮತ್ತೆ ಅದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಆ ಖುಷಿಯಲ್ಲಿ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತ ಕುಳಿತಾಗ ಶರಣಕುಮಾರ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಅವನು ನಡುನಡುವೆ ಕೆಮ್ಮುತ್ತಿದ್ದ. ಕಲ್ಲಿನ ಯಾರ್ಡಿನಲ್ಲಿ ಕೆಮ್ಮದವರು ಯಾರು? ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನಿಮ್ಮವ್ವ ಹ್ಯಾಂಗ ಹೋದ್ರು?" ಅಂತ ಕೇಳಿದ ಅವನು, ಹೆದರುತ್ತಲೇ.

"ಮಂದಿ ಎಚ್‌ಐವಿ ಅಂತಾರ. ಅಲ್ರಿ. ಟಿಬಿ ಆತು ಅಕಿಗೆ. ನಮ್ಮಂಥವರಿಗೆ ಅದೇ ದೊಡ್ಡ ವೈರಿ. ಆಜೂಬಾಜೂ ಯಾರರ ಕೆಮ್ಮಿದ್ರು, ಅಕಿಗೆ ಹತ್ತಿತು... ನಾ ಇನ್ನಾ ಸಣ್ಣಾಕಿ ಇದ್ದೆ. ಕಮರುನ್ನೀಸಾ ಖಾಲಾ ಕರಕೊಂಡು ಬಂದು ಸಾಕಿದಳು."

ಶರಣಕುಮಾರ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದ. ಶಹಾಬಾದಿನಲ್ಲಿ ಇಳಿಯುವಾಗ ತಡವರಿಸುತ್ತ ಹೇಳಿದ.

"ಅಮಾಸಿ ದಿನ ಯಾರ್ಡಿನ್ಯಾಗ ಮಷೀನ್ ಪೂಜಾ ಅದ. ಬರ್ರಿ. ನಿಮಗ... ಒಂದು ಮಾತು ಕೇಳೋದದ."

ಆ ರಾತ್ರಿ ದಾನೇಶ್ವರಿಗೆ ನಿದ್ದೆಯೆಲ್ಲಿ ಬರಬೇಕು! 'ಏನು ಕೇಳ್ತಾನ? ಅದನ್ನೇ ಕೇಳ್ತಾನೇನು? ಕೇಳಿದ್ರ ನಾ ಏನನ್ನಲಿ?' 'ನಿನ್ನನ್ನ ಯಾರು ಲಗ್ನಾಗ್ತಾರವ್ವ' ಅಂತ ಚಿಕ್ಕಂದಿನಿಂದ ಕೇಳಿ ಕೇಳಿ, ಅವಳು ಆ ಆಸೆಯನ್ನೇ ಮೂಲೆಗೆ ಸರಿಸಿ ಇಟ್ಟಿದ್ದಳು. ಈಗ ಅದು ಎದ್ದು ಕುಳಿತಿತ್ತು.

ಅಮಾವಾಸ್ಯೆಯ ದಿನ ಅವಳು ಹಸಿರು ಸೀರೆ ಉಟ್ಟಳು. ತಲೆಗೆ ಹೂವು ಮುಡಿಯುವಾಗ ಕಮರುನ್ನೀಸಾ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕಣ್ಣು ತುಂಟತನದಿಂದ ನಗುತ್ತಿತ್ತು.

ಯಾರ್ಡಿನಲ್ಲಿ ಮಷೀನುಗಳಿಗೆ ವಿಭೂತಿ, ಹೂವು ಏರಿಸಿ ಕಾಯಿ ಒಡೆದಿದ್ದರು. ಕೆಲಸಗಾರರೆಲ್ಲ ಶುಭ್ರ ಬಟ್ಟೆ ತೊಟ್ಟು ಕಲ್ಲುಗಳ ಮೇಲೆ ಕುಳಿತಿದ್ದರು. ಶರಣಕುಮಾರನ ತಾಯಿ ಮಹಾದೇವಮ್ಮ ಚಹಾದ ತಟ್ಟೆ ಹಿಡಿದು ಬಂದರು.

ದಾನೇಶ್ವರಿ ಬಂದದ್ದನ್ನು ಕಂಡಕೂಡಲೇ ಶರಣಕುಮಾರ ಎದ್ದು ನಿಂತ. ಅವಳು ಸೆರಗು ಸರಿಪಡಿಸಿಕೊಂಡಳು. 'ಬರ್ಲಿಕತ್ತಾನ... ನನ್ನ ಕಡಿಗೇ ಬರ್ಲಿಕತ್ತಾನ...'

ಅವನು ಬರಲಿಲ್ಲ. ತಟ್ಟೆಯಲ್ಲಿನ ಗ್ಲಾಸುಗಳನ್ನು ಬಿಟ್ಟು, ಒಳಗಿನಿಂದ ಒಂದು ಬೇರೆ ಸ್ಟೀಲ್ ಗ್ಲಾಸು ತಂದುಕೊಂಡ. ನೀರಿನ ಟ್ಯಾಂಕಿನ ಆಚೆ ತುದಿಗೆ ಹೋಗಿ ಕುಳಿತ. ಅವಳು ನಾಲ್ಕು ಹೆಜ್ಜೆ ಮುಂದೆ ಹೋದರೆ, ಟವೆಲ್ಲನ್ನು ಮೂಗಿಗೆ ಒತ್ತಿ ಹಿಡಿದ.

"ಅಲ್ಲೇ ಕುಂದ್ರಿ ಮೇಡಂ. ಹತ್ರ ಬರಬ್ಯಾಡ್ರಿ."

ಬೇರೆ ಗ್ಲಾಸು. ದೂರದ ಜಾಗ. ಮೂಗಿಗೆ ಬಟ್ಟೆ.

ಈ ಅಪಮಾನ ಅವಳಿಗೆ ಹೊಸದಲ್ಲ... ಆದರೆ ಇವನಿಂದ? ಅರ್ಧ ಗ್ಲಾಸು ಚಹಾ ಕುಡಿದವನಿಂದ?

"ಒಂದು ಮಾತು ಕೇಳೋದದ ಅಂದಿದ್ರಿ?"

ಅವನು ಕಣ್ಣು ತಪ್ಪಿಸಿದ. "ಈಗ ಬ್ಯಾಡ್ರಿ. ಮುಂದ ನೋಡೋಣಂತ."

ಓಹೋ... ಲಗ್ನದ ಮಾತು ಬಾಯಿಗೆ ಬಂದಾಗ ಭಯ ಬಂತು! ನಾಟಕದಲ್ಲಿ ಧೈರ್ಯ, ಮನೆಯಲ್ಲಿ ಹೇಸಿಗೆ! ದಾನೇಶ್ವರಿ ಒಂದು ಕ್ಷಣವೂ ಯೋಚಿಸಲಿಲ್ಲ. ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು.

"ಸಿಕ್ಕಿಬಿದ್ರಿ ಶರಣಕುಮಾರವ್ರ!"

ಹಿರಿಯ ಕೆಲಸಗಾರ ರೇವಣಸಿದ್ದ ಇದು ನಾಟಕದ ತಮಾಷೆಯೇ ಅಂದುಕೊಂಡು ತಾನೂ ತಟ್ಟಿದ. ಅವನನ್ನು ನೋಡಿ ಎಲ್ಲರೂ ಶುರು ಮಾಡಿದರು. "ಸಿಕ್ಕಿಬಿದ್ದ! ಅತ್ತಿ ಸಿಕ್ಕಿಬಿದ್ದಳು!" ಯಾರ್ಡಿನ ತುಂಬ ನಗು, ಚಪ್ಪಾಳೆ.

ಶರಣಕುಮಾರ ಅವಳ ಮುಖ ನೋಡಿದ. ಅಲ್ಲಿ ನಗು ಇರಲಿಲ್ಲ. ಏನೋ ಹೇಳಲು ಟವೆಲ್ಲು ಸರಿಸಿದವನು ಮತ್ತೆ ಮುಚ್ಚಿಕೊಂಡು ಎದ್ದು ಹಿಂದಿನ ಗೇಟಿನಿಂದ ಹೊರಟುಹೋದ.

ಮರುದಿನದಿಂದ ಅವನು ಊರಲ್ಲೇ ಕಾಣಲಿಲ್ಲ. ಗುಂಡಗುರ್ತಿಯ ಸೋದರಮಾವನ ಹೊಲಕ್ಕೆ ಹೋಗಿದ್ದಾನೆ ಅಂತ ಸುದ್ದಿ. ದಾನೇಶ್ವರಿ 'ಹೋಗ್ಲಿ' ಅಂದುಕೊಂಡಳು. ನಾಟಕದ ಅತ್ತೆಯ ಪಾತ್ರವನ್ನು ಕಮರುನ್ನೀಸಾಳೇ ಮಾಡಿದಳು. ಮಂದಿ ನಕ್ಕರು, ಚಪ್ಪಾಳೆ ತಟ್ಟಿದರು. ಪ್ರತಿ ಚಪ್ಪಾಳೆಗೂ ದಾನೇಶ್ವರಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮಹಾದೇವಮ್ಮ ಕಮರುನ್ನೀಸಾಳ ಮನೆಯ ಬಾಗಿಲಲ್ಲಿ ನಿಂತಿದ್ದರು.

"ಕುಂದ್ರಿ ಅವ್ವಾರ," ಅಂದಳು ದಾನೇಶ್ವರಿ, ಗಾಬರಿಯಿಂದ.

"ಕುಂದ್ರಾಕ ಬಂದಿಲ್ಲ. ಬೈಯಾಕ ಬಂದೀನಿ. ಅಷ್ಟು ಮಂದಿ ಮುಂದ ನನ್ನ ಮಗನ್ನ ನಗಪಾಟಲು ಮಾಡಿದೆಲ್ಲ ತಾಯಿ?"

"ಅವ್ರು ಮಾಡಿದ್ದು ನೀವೂ ನೋಡಿದ್ರಿ..."

"ನೋಡೀನಿ! ಯಾಕ ಮಾಡಿದ ಅಂತ ನೀ ಕೇಳಿದೇನು?" ಮಹಾದೇವಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. "ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ. ಆ ಆಣಿ ಮುರೀಲಿಕತ್ತೀನಿ, ನನ್ನ ಪಾಪ ನನಗಿರ್ಲಿ. ಅಂವಗ ಟಿಬಿ ಅದ. ಅಮಾಸಿ ಹಿಂದಿನ ದಿನ ಗೊತ್ತಾತು. ನಿನಗ ಹತ್ತಬಾರದು ಅಂತ ದೂರ ಕುಂತಿದ್ದನವ್ವ! ತನ್ನ ಗ್ಲಾಸೇ ಬ್ಯಾರೆ ಮಾಡ್ಕೊಂಡ, ನಿಂದಲ್ಲ!"

ದಾನೇಶ್ವರಿ ತನ್ನ ಎರಡೂ ಅಂಗೈ ನೋಡಿಕೊಂಡಳು.

ಅವನ ಗ್ಲಾಸು... ಅವನ ಮೂಗು, ಅವನ ಬಾಯಿ... ಮುಚ್ಚಿಕೊಂಡದ್ದು ಅವಳಿಂದ ತಪ್ಪಿಸಿಕೊಳ್ಳಲು ಅಲ್ಲ, ಅವಳನ್ನು ಉಳಿಸಲು! ಜಗತ್ತೆಲ್ಲ ಅವಳಿಗೆ ಹೆದರಿ ದೂರ ಸರಿದಿತ್ತು. ಅವಳಿಗೇನಾದೀತೋ ಎಂದು ಹೆದರಿ ದೂರ ಸರಿದವನು ಇವನೊಬ್ಬನೇ. ಅವನಿಗೇ ಅವಳು ಚಪ್ಪಾಳೆ ತಟ್ಟಿದ್ದಳು.

"ನನಗ್ಯಾಕ ಹೇಳಲಿಲ್ಲ?" ಅಳುತ್ತ ಕೇಳಿದಳು.

"ನಿಮ್ಮವ್ವ ಅದರಾಗೇ ಹೋದಳಂತಲ್ಲ. ಆ ಹೆಸರು ಕೇಳಿದ್ರ ಅಕಿ ಎದಿ ಒಡೀತದ, ಪೂರಾ ಆರಾಮಾದ ಮ್ಯಾಲೇ ಹೇಳ್ತೀನಿ ಅಂದ." ಮಹಾದೇವಮ್ಮ ಈಗ ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ಅಂವ ಏನು ಕೇಳೋನಿದ್ದ ಅಂತ ನನಗ ಗೊತ್ತು. ನಿನ್ನ ಎಚ್‌ಐವಿ ಬಗ್ಗೆ ನಂಗೂ ಭಯ ಇತ್ತು ನೋಡು, ಸುಳ್ಳು ಯಾಕ ಹೇಳಲಿ. ಕಲಬುರಗಿ ದವಾಖಾನಿಗೆ ಹೋಗಿ ಡಾಕ್ಟರಮ್ಮನ್ನೇ ಕೇಳಿದೆ. ಗುಳಿಗಿ ಬರೋಬ್ಬರಿ ನುಂಗಿ, ತಪಾಸಣ್ಯಾಗ ವೈರಸ್ ಕಾಣಲಾರದಷ್ಟು ಕಮ್ಮಿ ಆಗಿದ್ರ ಗಂಡಗ ಹತ್ತಂಗಿಲ್ಲ, ಮಕ್ಕಳೂ ಆರಾಮ ಹುಟ್ತಾವ ಅಂದ್ರು. ಖರೆ ಏನವ್ವ?"

"ಖರೆ ಅದ ಅವ್ವಾರ. ನಂದು ಎಷ್ಟೋ ವರ್ಷದಿಂದ ಹಂಗೇ ಅದ."

"ಹಂಗಿದ್ರ ಅಳಬ್ಯಾಡ. ಅಂವನ ಹತ್ರ ಹೋಗು."

ಆದರೆ ದಾನೇಶ್ವರಿ ಮೊದಲು ಹೋದದ್ದು ಯಾರ್ಡಿಗೆ. ಈ ಸಲ ಸ್ವಿಚ್ಚಿಗೆ ಕೈ ಹಾಕಲಿಲ್ಲ, ಊಟದ ಬಿಡುವಿನ ತನಕ ಕಾದಳು.

"ಅವತ್ತು ನಾ ತಟ್ಟಿದ ಚಪ್ಪಾಳಿ ತಪ್ಪು. ನಿಮ್ಮ ಕಡಿಂದನೂ ತಟ್ಟಿಸಿದೆ. ತಪ್ಪು ನಂದು, ಅವ್ರದಲ್ಲ."

"ಹಂಗಾದ್ರ ಅಂವ ಯಾಕ ಹಂಗ ಮಾಡಿದ ಬೇ?" ಕೇಳಿದ ರೇವಣಸಿದ್ದ.

ಒಂದೇ ಮಾತು ಹೇಳಿದ್ದರೆ ಬೈಗುಳದಿಂದ ಅವಳೂ ಉಳಿಯುತ್ತಿದ್ದಳು, ಅವನ ಮಾನವೂ ಮರಳುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಇನ್ನೊಬ್ಬರ ರೋಗವನ್ನು ಹೇಳಲು ಅವಳು ಯಾರು? ಇದನ್ನೇ ತಾನೆ ಊರೂರಿಗೆ ಹೇಳುತ್ತ ಬಂದದ್ದು?

"ಅದು ಅವ್ರ ಮಾತು. ನಾ ಹೇಳಾಕ ಬರಂಗಿಲ್ಲ. ಬೈಯೋದಿದ್ರ ನನಗ ಬೈರಿ."

ಯಾರೂ ಬೈಯಲಿಲ್ಲ. ರೇವಣಸಿದ್ದ ಅವಳ ತಲೆಯ ಮೇಲೆ ಕೈಯಿಟ್ಟು, ಬಸ್ಸಿನ ಟೈಮಾಯಿತು ಹೋಗು ಅಂದ. ಎಲ್ಲಿಗೆ ಅಂತ ಅವಳು ಹೇಳಿಯೇ ಇರಲಿಲ್ಲ!

ಗುಂಡಗುರ್ತಿಯ ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು. ಹೆಣ್ಣುಮಕ್ಕಳು ಸಾಲು ಹಿಡಿದು ಕೊಯ್ಯುತ್ತಿದ್ದರು. ಆಚೆ ಬದುವಿನ ಮೇಲೆ ಮಾಸ್ಕು ಕಟ್ಟಿಕೊಂಡು ಒಬ್ಬನೇ ಕುಳಿತಿದ್ದವನು ಅವಳನ್ನು ಕಂಡು ದಡಬಡಿಸಿ ಎದ್ದ.

"ಅಲ್ಲೇ ನಿಂದರ್ರಿ! ಮುಂದ ಬರಬ್ಯಾಡ್ರಿ!"

ದಾನೇಶ್ವರಿ ಈಚೆ ಬದುವಿನಲ್ಲೇ ನಿಂತಳು. ನಡುವೆ ಇಡೀ ತೊಗರಿ ಹೊಲ.

"ನಾ ತಪ್ಪು ಮಾಡೀನಿ!" ಅವಳು ಕೂಗಿದಳು. "ಕೇಳದೇ ತಿಳ್ಕೊಂಡೆ! ಕ್ಷಮಿಸ್ರಿ!"

"ಅವ್ವ ಹೇಳಿದಳೇನು?"

ಅವಳು ಹೆಣ್ಣುಮಕ್ಕಳ ಸಾಲಿನ ಕಡೆ ಕಣ್ಣಾಡಿಸಿದಳು. ಕೊಯ್ಯುತ್ತಿದ್ದವರೆಲ್ಲ ಕಿವಿ ನಿಮಿರಿಸಿ ಕೇಳುತ್ತಿದ್ದರು. ಶರಣಕುಮಾರ ಅವರನ್ನೊಮ್ಮೆ, ಇವಳನ್ನೊಮ್ಮೆ ನೋಡಿದ. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡ.

"ಹೌದ್ರಿ! ನನಗ ಟಿಬಿ ಅದ! ಗುಳಿಗಿ ನುಂಗ್ಲಿಕತ್ತೀನಿ!"

ಹೊಲದಲ್ಲಿ ಯಾರೂ ಓಡಿಹೋಗಲಿಲ್ಲ. ಒಬ್ಬಾಕೆ, "ಅದಕ್ಕೇನಾತಪ್ಪ, ನಮ್ಮ ಮಾವಗೂ ಆಗಿತ್ತು, ಈಗ ಗಟ್ಟಿಮುಟ್ಟ ಇದ್ದಾನ," ಅಂದು ಮತ್ತೆ ಕುಡುಗೋಲು ಎತ್ತಿಕೊಂಡಳು.

"ದವಾಖಾನ್ಯಾಗ ಏನಂದ್ರು?" ದಾನೇಶ್ವರಿ ಕೇಳಿದಳು.

"ಮೊನ್ನಿ ಕಫ ತಪಾಸಣಿ ಮಾಡ್ಯಾರ! ಗುಳಿಗಿ ಕೆಲಸ ಮಾಡ್ಯಾವ, ಇನ್ನ ಯಾರಿಗೂ ಹತ್ತಂಗಿಲ್ಲ ಅಂದ್ರು! ಆದ್ರ ನನಗ ಧೈರ್ಯ ಇಲ್ಲ!"

"ಎಚ್‌ಐವಿ ಬಗ್ಗೆ ಡಾಕ್ಟರ್ ಹೇಳಿದ್ದು ನಂಬ್ತೀರಿ, ಟಿಬಿ ಬಗ್ಗೆ ಹೇಳಿದ್ದು ನಂಬಂಗಿಲ್ಲೇನು? ನಾನೂ ಟಿಬಿ ಬರದಂಗ ಗುಳಿಗಿ ನುಂಗಿ ಮುಗಿಸೀನಿ! ಅಷ್ಟು ಸಸಾರ ಸಾಯಂಗಿಲ್ಲ ನಾ!"

"ನಿಮಗೇನರ ಆದ್ರ ನಾ ಹ್ಯಾಂಗ ಇರಲಿ?"

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೂ ತಾನು ಏನು ಅಂದೆ ಅನ್ನುವುದು ಆಗಲೇ ತಿಳಿದಿರಬೇಕು. ಆದರೆ ಹೊರಬಿದ್ದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅಮಾಸಿ ದಿನ ಕೇಳೋದಿತ್ತು!" ಅವನ ದನಿ ಒಡೆದಿತ್ತು. "ಈಗ ಕೇಳ್ತೀನಿ! ನನ್ನನ್ನ ಲಗ್ನಾಗ್ತೀರೇನು?"

"ಯಪ್ಪಾ! ಇಷ್ಟು ದೂರದಿಂದ ಲಗ್ನದ ಮಾತೇನೋ?" ಅಂತ ಒಬ್ಬಾಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕುಡುಗೋಲುಗಳೆಲ್ಲ ನಿಂತವು. ಎಲ್ಲರೂ ದಾನೇಶ್ವರಿಯ ಕಡೆ ತಿರುಗಿದರು.

ಸಂತೆಯ ನಡುವೆ ನಿಂತು ಭಾಷಣ ಮಾಡಿದವಳು ಇವತ್ತು ಕಣ್ಣು ಒರೆಸಿಕೊಂಡಳು. ಮತ್ತೆ ತುಂಬಿಕೊಂಡವು. 'ನನ್ನನ್ನ... ನನ್ನನ್ನ ಕೇಳ್ಲಿಕತ್ತಾನ!'

"ಆಗ್ತೀನಿ!" ಅಂತ ಕೂಗಿದಳು ಕೊನೆಗೆ. ಆ ಕೂಗಿಗೆ ಬದುವಿನ ಮೇಲಿನ ಹಕ್ಕಿಗಳು ಹಾರಿದವು. ಹೆಣ್ಣುಮಕ್ಕಳು ಹೋ ಎಂದರು.

ಕೊಯ್ದ ಸಾಲಿನ ನಡುವೆ ಅವಳು ನಡೆದು ಬಂದಳು. ಈ ಸಲ ಅವನು ಹಿಂದೆ ಸರಿಯಲಿಲ್ಲ. ಬೀಸುವ ಗಾಳಿಯಲ್ಲಿ ಇಬ್ಬರೂ ಬದುವಿನ ಮೇಲೆ ಪಕ್ಕಪಕ್ಕ ಕುಳಿತರು. ಅವನ ಮಾಸ್ಕಿನ ಮೇಲಿನ ಕಣ್ಣುಗಳು ಒದ್ದೆಯಾಗಿದ್ದವು. ತುಸು ಹೊತ್ತಿನ ಮೇಲೆ ಅವಳು ತನ್ನ ಕೈಯನ್ನು ಅವನ ಒರಟು ಕೈಯ ಮೇಲೆ ಇಟ್ಟಳು.

"ಇನ್ನೊಮ್ಮೆ ಅನ್ರಿ," ಅಂದ ಅವನು.

"ಇಡೀ ಗುಂಡಗುರ್ತಿಗೆ ಕೇಳಿಸ್ಯಾದ. ನಿಮಗ ಕೇಳಿಸಿಲ್ಲೇನು?"

"ಕೇಳಿಸ್ಯಾದ. ಅದು ಊರಿಗೆ ಅಂದಿದ್ದು. ಈಗ ನನಗಷ್ಟೇ ಅನ್ರಿ."

ದಾನೇಶ್ವರಿ ಅವನ ಕಿವಿಯ ಹತ್ತಿರ ಬಾಗಿದಳು. ಅಷ್ಟು ಮೆಲ್ಲಗೆ ಅವಳು ಹಿಂದೆಂದೂ ಮಾತಾಡಿರಲಿಲ್ಲ.

"ಆಗ್ತೀನಿ."